ಸೇಬಿನ ರಸ ತೆಗೆದ ಮೇಲೆ ಉಳಿಯುವುದು: ಹಿಂಡಿಯೋ, ಹಿಪ್ಪೆಯೋ?

ಬಲ್ಲವರಲ್ಲಿ ಒಂದು ಪ್ರಶ್ನೆ. ಹಣ್ಣಿನ ರಸವನ್ನೆಲ್ಲ ಹಿಂಡಿಕೊಂಡ ಮೇಲೆ ಬಟ್ಟೆಯೊಳಗೆ ಒಂದು ಸಪ್ಪೆ ಮುದ್ದೆ ಉಳಿಯುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನನ್ನುತ್ತೀರಿ?

ಇದು ಹುಟ್ಟಿದ್ದು ಚಿಂತಾಮಣಿಯ ನಮ್ಮ ಅಡುಗೆಮನೆಯಲ್ಲಿ. ಶಿಮ್ಲಾ ಸೇಬು ಅಗ್ಗಕ್ಕೆ ಸಿಕ್ಕಿತೆಂದು ತಮ್ಮ ಒಂದು ಪೆಟ್ಟಿಗೆ ಹೊತ್ತು ತಂದ. (ಅಮ್ಮನಿಗೆ ಅದು ಆಪಲ್ಲು. ಸೇಬು ಅಂದರೆ ಸೀಬೆ ಎಂದೇ ಕೇಳಿಸುತ್ತದೆ; ಸೀಬೆಹಣ್ಣು ಹಿಂಡಿ ರಸ ತೆಗೀತೀವಿ ಅಂತಿದಾರಲ್ಲ ಅಂತ ನಮ್ಮ ಮುಖ ನೋಡಿದಳು.) ಅರ್ಧ ಪೆಟ್ಟಿಗೆ ರಸವಾಯಿತು. ಮಾಡಿದ ಕ್ರಮವನ್ನು ಕನ್ನಡದಲ್ಲಿ ಬರೆದುಕೊಡು ಎಂದು ನಾದಿನಿ ಕೇಳಿದಳು, ಬರೆಯಲು ಕೂತೆ.

ಮೊದಲ ಸಾಲುಗಳು ತಾವಾಗಿಯೇ ಬಂದವು. ತೊಟ್ಟು ಕಿತ್ತು ತೊಳೆಯಿರಿ. ಪೆಟ್ಟು ಬಿದ್ದು ಮೆತ್ತಗಾದಷ್ಟನ್ನು ಕೆತ್ತಿ ತೆಗೆಯಿರಿ. ಕೊಳೆತದ್ದನ್ನು ಮಾತ್ರ ಕೆತ್ತಿ ಉಳಿಸಿಕೊಳ್ಳುವ ಜಿಪುಣತನ ಬೇಡ, ಇಡೀ ಹಣ್ಣನ್ನೇ ಎಸೆಯಿರಿ: ಬೂಷ್ಟಿನಿಂದ ಹುಟ್ಟುವ ಪಟುಲಿನ್ ಎಂಬ ವಿಷ ಸುತ್ತಲ ತಿರುಳಿಗೂ ಇಳಿದಿರುತ್ತದೆ, ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಹೋಳು ಮಾಡಿ ಬೀಜ ತೆಗೆಯಿರಿ.

ಮುಂದಿನ ಹೆಜ್ಜೆಗೆ ಸರಿಯಾದ ಕ್ರಿಯಾಪದ ಬೇಕು. ಸೇಬನ್ನು ಇಡಿಯಾಗಿ ಎಷ್ಟು ಅದುಮಿದರೂ ರಸ ಬಿಡುವುದಿಲ್ಲ, ಮೊದಲು ಒಡೆಯಬೇಕು. ಆದರೆ 'ರುಬ್ಬಿ' ಎಂದು ಬರೆದರೆ ಕೆಟ್ಟಿತು. ನಾವು ಮೊದಲ ಸಲ ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿದೆವು. ಬಟ್ಟೆಯ ಕಣ್ಣೆಲ್ಲ ಮುಚ್ಚಿಕೊಂಡು, ಹಿಂಡಿದಷ್ಟೂ ರಸದ ಬದಲು ಪೇಸ್ಟೇ ಆಚೆ ಬಂತು. ಎರಡನೆಯ ಸಲ ತುರಿದು, ಒರಳಿನಲ್ಲಿ ಜಜ್ಜಿದೆವು. ಹಳೆ ಪಂಚೆಯಲ್ಲಿ ಕಟ್ಟಿ ಇಬ್ಬರು ಎರಡು ಕಡೆ ಹಿಡಿದು ತಿರುಚಿದಾಗ ಸಳಸಳ ಸುರಿಯಿತು. ರುಬ್ಬುವುದಕ್ಕೂ ಜಜ್ಜುವುದಕ್ಕೂ ನಡುವೆ ಇರುವ ಈ ಅಂತರ, 'ತರಿತರಿಯಾಗಿ' ಎಂಬ ಒಂದು ಮಾತು, ಇವು ನಮ್ಮ ಅಡುಗೆಮನೆಯಲ್ಲಿ ಆಗಲೇ ಇದ್ದವು. ಇದಕ್ಕೆ ಹೊಸ ಪದ ಬೇಕಾಗಲೇ ಇಲ್ಲ.

ಕೈ ನಿಂತದ್ದು ಪಂಚೆ ಬಿಚ್ಚಿದಾಗ. 'ಸೇಬಿನ ಹಿಂಡಿಯನ್ನು ಹಸುವಿಗೆ ಹಾಕಬಹುದು' ಎಂದು ಬರೆದೆ. ಪಕ್ಕದ ಮನೆಯಾಕೆ ಓದಿ, "ಅಕ್ಕಾ, ಸೇಬಿನಲ್ಲೂ ಎಣ್ಣೆ ತೆಗೀತಾರಾ?" ಅಂದಳು. ಹೌದಲ್ಲ! ಹಿಂಡಿ ಎಂದರೆ ನಮಗೆ ಕಡಲೆಕಾಯಿ ಹಿಂಡಿ, ಎಳ್ಳಿಂಡಿ: ಗಾಣದಲ್ಲಿ ಎಣ್ಣೆ ಹೋಗಿ ಒಣಗಿ ಗಟ್ಟಿಯಾದದ್ದು, ಮೂಟೆಯಲ್ಲಿ ತರುವಂಥದ್ದು. ಒದ್ದೆಯಾಗಿ ಜೊಳಜೊಳ ಅನ್ನುವ ಸೇಬಿನ ಉಳಿಕೆಗೆ ಅದು ಒಗ್ಗದು. ಚರಟ ಅನ್ನೋಣವೆಂದರೆ ಕಾಫಿಪುಡಿ ಕಣ್ಣಿಗೆ ಬರುತ್ತದೆ. ಗಷ್ಟು ತಳದಲ್ಲಿ ಕೂರುವಂಥದ್ದು.

ಅಷ್ಟರಲ್ಲಿ ಅಮ್ಮ, "ಆ ಪಿಪ್ಪಿ ಯಾಕೆ ಇನ್ನೂ ಇಟ್ಕೊಂಡಿದೀಯ" ಅಂದಳು. ಅವಳ ತವರು ಬಾಗೇಪಲ್ಲಿ ಕಡೆ, ಅರ್ಧ ಮಾತು ತೆಲುಗು. ತೆಲುಗಿನಲ್ಲಿ ಪಿಪ್ಪಿ ಎಂದರೆ ರಸ ಹೀರಿಯಾದ ಮೇಲೆ ಉಳಿದದ್ದು, ಅಗಿದು ಉಗಿದ ಕಬ್ಬಿನ ಹಾಗೆ. ಹುಳುಕು ಹಲ್ಲಿಗೂ ಅವರು 'ಪಿಪ್ಪಿ ಪನ್ನು' ಅನ್ನುತ್ತಾರೆ. ತೆಲುಗಿನ ಪಾಲು, ಪುಲಿ ನಮ್ಮಲ್ಲಿ ಹಾಲು, ಹುಲಿ; ಅದೇ ದಾರಿ ಹಿಡಿದರೆ ಪಿಪ್ಪಿ ನಮ್ಮ ಹಿಪ್ಪೆ. ಸಾಲ ಕೊಟ್ಟವರು 'ಹಿಂಡಿ ಹಿಪ್ಪೆ ಮಾಡಿದರು' ಅನ್ನುತ್ತೇವಲ್ಲ, ಅದೇ ಹಿಪ್ಪೆ. ತೆಲುಗಿನವರ 'ಪೀಲ್ಚಿ ಪಿಪ್ಪಿ ಚೇಸಾರು' ಕೂಡ ಇದರ ಜೋಡಿ. ಅವರದು ಹೀರುವುದು, ನಮ್ಮದು ಹಿಂಡುವುದು, ಉಳಿಯುವುದು ಒಂದೇ.

ಒಂದು ತೊಡಕಿದೆ. ಹಲವರು 'ಹಿಂಡಿ ಹಿಪ್ಪೆಕಾಯಿ' ಅನ್ನುತ್ತಾರೆ, ಹಿಪ್ಪೆ ಮರದ ಬೀಜದಿಂದ ಎಣ್ಣೆ ತೆಗೆಯುತ್ತಿದ್ದುದರಿಂದ ಆ ಮಾತು ಬಂತೆಂದು ವಿವರಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಆ ಮರ ತೆಲುಗಿನಲ್ಲಿ ಇಪ್ಪ, ತಮಿಳಿನಲ್ಲಿ ಇಲುಪ್ಪೈ, ಕನ್ನಡದಲ್ಲೇ ಇಪ್ಪೆ ಎಂಬ ರೂಪವೂ ಇದೆ. ಎಲ್ಲೂ ಮೊದಲಿಗೆ 'ಪ' ಇಲ್ಲ. ಉಳಿಕೆಯ ಹಿಪ್ಪೆಗೆ ತೆಲುಗಿನ ಪಿಪ್ಪಿ ಸಾಕ್ಷಿ ಇದೆ, ಮರದ ಹಿಪ್ಪೆಗೆ ಇಲ್ಲ. ಎರಡು ಬೇರೆ ಪದಗಳು ಉಚ್ಚಾರದಲ್ಲಿ ಒಂದಾಗಿ, ಆಮೇಲೆ ಗಾದೆಗೆ ಒಂದು 'ಕಾಯಿ' ಅಂಟಿಕೊಂಡಿದೆ ಅನ್ನಿಸುತ್ತದೆ. (ಶಿಡ್ಲಘಟ್ಟದವರು ದಯವಿಟ್ಟು ಹಿಪ್ಪುನೇರಳೆಯನ್ನು ಇದಕ್ಕೆ ಎಳೆಯಬೇಡಿ, ಈಗಿರುವ ಗೋಜಲೇ ಸಾಕು.)

ನಾದಿನಿಗೆ 'ಸೇಬಿನ ಹಿಪ್ಪೆ' ಎಂದೇ ಬರೆದು ಕಳಿಸಿದೆ. ಅವಳಿಗೆ ತಕ್ಷಣ ಅರ್ಥವಾಯಿತು; ಆದರೆ ಅವಳೂ ಇದೇ ಜಿಲ್ಲೆಯವಳು. ಅದಕ್ಕೇ ಕೇಳುತ್ತಿದ್ದೇನೆ. ಪಾವಗಡ, ಮಧುಗಿರಿ ಕಡೆಯವರು ಪಿಪ್ಪಿ ಅನ್ನುತ್ತೀರೋ ಹಿಪ್ಪೆ ಅನ್ನುತ್ತೀರೋ? ತಿಪಟೂರಿನ ಕಡೆ, ತೆಲುಗಿನ ಸೋಂಕಿಲ್ಲದ ಮನೆಗಳಲ್ಲಿ, ಗಾದೆಯ ಹೊರಗೆ ಬಿಡಿಯಾಗಿ 'ಹಿಪ್ಪೆ' ಎಂದು ತೆಂಗಿನಹಾಲು ಹಿಂಡಿದ ತುರಿಗೋ ಕಬ್ಬಿನ ಸಿಪ್ಪೆಗೋ ಅನ್ನುವುದನ್ನು ಯಾರಾದರೂ ಕಿವಿಯಾರೆ ಕೇಳಿದ್ದೀರಾ?