ಐರಿಷ್ ನೃತ್ಯಕ್ಕೆ ಪಿಯಾನೊ ನುಡಿಸುವವರ ಬದುಕು ಹೇಗಿರುತ್ತದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಡಬ್ಲಿನ್‌ನಲ್ಲಿ ನೆಲೆಸಿದ್ದೇವೆ. ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿತಿರುವ ನನ್ನ ಮಗಳನ್ನು ಇಲ್ಲಿನ ಐರಿಷ್ ನೃತ್ಯಶಾಲೆಯೊಂದು ತರಗತಿಗಳಿಗೆ ಪಕ್ಕವಾದ್ಯ ನುಡಿಸಲು ಕರೆದಿದೆ. ಇದನ್ನೇ ವೃತ್ತಿಯಾಗಿಸಿಕೊಳ್ಳುವ ಆಸೆಯೂ ಅವಳಲ್ಲಿ ಹುಟ್ಟಿದೆ. ಪಿಟೀಲು, ಕೊಳಲುಗಳ ಈ ಸಂಗೀತದಲ್ಲಿ ಪಿಯಾನೊಗೆ ನಿಜಕ್ಕೂ ಸ್ಥಾನವಿದೆಯೇ, ಅದನ್ನೇ ನಂಬಿ ಬಾಳಿದವರಿದ್ದಾರೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಸ್ಥಾನವಿದೆ, ಆದರೆ ಅದು ಸುಲಭವಾಗಿ ದಕ್ಕಿದ್ದಲ್ಲ. 1920ರ ದಶಕದಲ್ಲಿ ಸ್ಲೈಗೊ ಪ್ರಾಂತದ ಮೈಕಲ್ ಕೋಲ್ಮನ್ ಅವರಂತಹ ಪಿಟೀಲುಗಾರರು ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದಾಗ, ಮಟ್ಟುಗಳ ಪರಿಚಯವೇ ಇಲ್ಲದ ಪಿಯಾನೊವಾದಕರನ್ನು ಎಷ್ಟೋ ಸಲ ಪಕ್ಕದಲ್ಲಿ ಕೂರಿಸಲಾಗಿತ್ತು. ಅವರ ತಪ್ಪು ಸ್ವರಮೇಳಗಳು (ಕಾರ್ಡ್‌ಗಳು) ಆ ಹಳೆಯ ಧ್ವನಿಮುದ್ರಿಕೆಗಳಲ್ಲಿ ಇಂದಿಗೂ ಕೇಳಿಸುತ್ತವೆ. ಪಿಯಾನೊ ಈ ಸಂಗೀತವನ್ನು ಕೆಡಿಸುತ್ತದೆ ಎಂಬ ದೂರಿಗೆ ಅದೂ ಒಂದು ಕಾರಣ.

ಆ ದೂರಿಗೆ ಉತ್ತರ ಕೊಟ್ಟವರು ಕ್ಲೇರ್ ಪ್ರಾಂತದ ಕಿಟ್ಟಿ ಲಿನೇನ್ ಎಂದು ನಾನು ನಂಬುತ್ತೇನೆ. ಕೇಲಿ ಎಂಬ ಐರಿಷ್ ಸಾಮೂಹಿಕ ನೃತ್ಯಕೂಟಗಳಿಗೆ ನುಡಿಸುವ ಕಿಲ್ಫೆನೋರಾ ವಾದ್ಯವೃಂದದಲ್ಲಿ ದಶಕಗಳ ಕಾಲ ಪಿಯಾನೊ ನುಡಿಸಿದ ಈ ತಾಯಿ ಇಡೀ ವೃಂದವನ್ನೂ ಮುನ್ನಡೆಸಿದರು. 1954, 1955 ಮತ್ತು 1956ರಲ್ಲಿ ಆ ವೃಂದ ಸತತವಾಗಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದಿತು. ಕಿಕ್ಕಿರಿದ ನೃತ್ಯಸಭಾಂಗಣದಲ್ಲಿ ಕುಣಿಯುವವರ ಹೆಜ್ಜೆ ತಪ್ಪದಂತೆ ಹಿಡಿದಿಡುತ್ತಿದ್ದುದು ಡ್ರಮ್ಮಿನ ಜೊತೆಗೆ ಪಿಯಾನೊವಾದಕರ ಎಡಗೈ.

ಆದರೆ ಜೀವನೋಪಾಯದ ಮಾತು ಬೇರೆ. ಪಿಟೀಲು, ಪಿಯಾನೊ ಎರಡರಲ್ಲೂ ಹೆಸರಾಗಿದ್ದ ಲೀಟ್ರಿಮ್‌ನ ಚಾರ್ಲಿ ಲೆನನ್ ಅವರು ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಇನ್ನೊಂದು ವೃತ್ತಿಯನ್ನು ಕೈಯಲ್ಲಿಟ್ಟುಕೊಂಡು ನುಡಿಸುವುದು ಅಲ್ಲಿ ಸಾಮಾನ್ಯ.

ಉತ್ತರ 2

ಮೇಲಿನವರು ಹೇಳಿದ ಎಡಗೈಯ ವಿಷಯವನ್ನು ಮಗಳು ಮೊದಲು ಗಮನಿಸಲಿ. ರೀಲ್ ಎಂಬ ಐರಿಷ್ ನೃತ್ಯದ ಮಟ್ಟಿನ ನಾಲ್ಕು ಎಣಿಕೆಗಳಲ್ಲಿ ಒಂದು ಮತ್ತು ಮೂರಕ್ಕೆ ಎಡಗೈ ಮಂದ್ರಸ್ವರವನ್ನು, ಎರಡು ಮತ್ತು ನಾಲ್ಕಕ್ಕೆ ಬಲಗೈ ಸ್ವರಮೇಳವನ್ನು ನುಡಿಸುತ್ತದೆ. ಶಾಸ್ತ್ರೀಯ ತರಬೇತಿ ಪಡೆದವರು ಎಡವುವುದು ಸ್ವರಮೇಳದ ಆಯ್ಕೆಯಲ್ಲಿ. ಅನೇಕ ಮಟ್ಟುಗಳು ಡೋರಿಯನ್ ಶ್ರೇಣಿಯಲ್ಲಿವೆ, ಅಂದರೆ ನಮ್ಮ ಖರಹರಪ್ರಿಯ ರಾಗದ ಸ್ವರಗಳಲ್ಲಿವೆ. ಅಲ್ಲಿ ಅಭ್ಯಾಸಬಲದಿಂದ ಕಾಕಲಿ ನಿಷಾದವಿರುವ (ಏರಿದ ‘ನಿ’) ಸ್ವರಮೇಳ ಹಾಕಿದರೆ ಪಿಟೀಲಿನ ಕೈಶಿಕಿ ನಿಷಾದಕ್ಕೆ (ತಗ್ಗಿದ ‘ನಿ’) ಅದು ನೇರವಾಗಿ ಡಿಕ್ಕಿ ಹೊಡೆಯುತ್ತದೆ. ಆದ್ದರಿಂದ ಮಟ್ಟನ್ನು ಕಿವಿಯಿಂದ ಕಲಿತು, ಬಾಯಲ್ಲಿ ಗುನುಗುವಷ್ಟಾದ ಮೇಲೆಯೇ ಪಕ್ಕವಾದ್ಯಕ್ಕೆ ಕೈ ಹಾಕಬೇಕು.

ಫೆಶ್ ಎಂಬ ನೃತ್ಯಸ್ಪರ್ಧೆಗಳಲ್ಲಿ ವೇಗವೇ ಎಲ್ಲ. ಮೇಲ್ಮಟ್ಟದ ಸ್ಪರ್ಧೆಗಳಲ್ಲಿ ರೀಲ್ ನಿಮಿಷಕ್ಕೆ 113 ಎಣಿಕೆಯಲ್ಲಿ ನಡೆದರೆ, ಗಟ್ಟಿ ಅಡಿಯ ಶೂ ತೊಟ್ಟು ಕುಣಿಯುವ ಟ್ರೆಬಲ್ ಜಿಗ್ 73ಕ್ಕೆ ಇಳಿಯುತ್ತದೆ. ಒಂದೊಂದು ಎಣಿಕೆಯೊಳಗೆ ಹೆಚ್ಚು ಕಾಲ್ಬಡಿತ ತುಂಬಲು ಅದು ಬಿಡುವು ಕೊಡುತ್ತದೆ. ಮೊದಲು ಕುಣಿಯುವ ಜೋಡಿಗೂ ಸಂಜೆ ಕೊನೆಗೆ ಕುಣಿಯುವ ಜೋಡಿಗೂ ಅದೇ ವೇಗ ಸಿಗದಿದ್ದರೆ ಮಕ್ಕಳಿಗೆ ಅನ್ಯಾಯವಾಗುತ್ತದೆ. ಇದು ದೇಹವನ್ನು ದಣಿಸುವ ಕೆಲಸ.

ಉತ್ತರ 3

ಪಿಯಾನೊ ಕೇವಲ ಪಕ್ಕವಾದ್ಯವೆಂಬ ಭಾವನೆ ಮೂಡಬಾರದೆಂದು ಇಷ್ಟನ್ನು ಸೇರಿಸುತ್ತೇನೆ. ಐರಿಷ್ ಪಿಯಾನೊವಾದಕ ಮೀಹಾಲ್ ಓ ಸೂಲವಾನ್ ಅವರು ಅದೇ ವಾದ್ಯದಲ್ಲಿ ಮಟ್ಟುಗಳನ್ನೇ ನುಡಿಸಿ ತೋರಿಸಿದರು. 1994ರಲ್ಲಿ ಲಿಮರಿಕ್ ವಿಶ್ವವಿದ್ಯಾಲಯದಲ್ಲಿ ಅವರು ಕಟ್ಟಿದ ಸಂಗೀತ ಮತ್ತು ನೃತ್ಯದ ಅಕಾಡೆಮಿಯಲ್ಲಿ ಎರಡನ್ನೂ ಪದವಿ ಮಟ್ಟದಲ್ಲಿ ಕಲಿಯಬಹುದು. ಮಗಳು ಸದ್ಯಕ್ಕೆ ನೃತ್ಯಶಾಲೆಯ ಕರೆಯನ್ನು ಒಪ್ಪಿಕೊಂಡು, ಒಂದು ವರ್ಷ ನುಡಿಸಿದ ಬಳಿಕ ಆ ಪದವಿಯ ಬಗ್ಗೆ ವಿಚಾರಿಸುವುದು ಒಳ್ಳೆಯದು.