ಹಳೇ ಕಂಪ್ಯೂಟರ್ ಫಾರ್ಮ್ಯಾಟ್: ಡೇಟಾ ಭಾಗಕ್ಕೆ ಎಕ್ಸ್‌ಫ್ಯಾಟ್ ಹಾಕಬಹುದಾ?

ಕಲ್ಲಹಳ್ಳಿ, ಮಂಡ್ಯ:
ಕೋರ್ 2 ಡ್ಯುಯೊ, 4 ಜಿಬಿ ರ್‍ಯಾಮ್, 500 ಜಿಬಿ ಸಾಟಾ ಹಾರ್ಡ್ ಡಿಸ್ಕ್. ಈಗಿರೋದು ವಿಂಡೋಸ್ 7. ಎಲ್ಲ ಅಳಿಸಿ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ (ಉಚಿತವಾಗಿ ಸಿಗೋ ಹಗುರ ಆಪರೇಟಿಂಗ್ ಸಿಸ್ಟಮ್) ಹಾಕಬೇಕು. ಆದರೆ ಅಂಗಡಿ ಲೆಕ್ಕದ ಹಳೇ ಸಾಫ್ಟ್‌ವೇರ್‌ಗಾಗಿ ಪಕ್ಕದಲ್ಲಿ ವಿಂಡೋಸೂ ಇರಬೇಕು. ಎರಡಕ್ಕೂ ಕಾಣಲಿ ಅಂತ ಡೇಟಾ ಭಾಗಕ್ಕೆ ಎಕ್ಸ್‌ಫ್ಯಾಟ್ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡೋ ವಿಧಾನ) ಸರಿಹೋಗುತ್ತಾ? ಮದುವೆ ವಿಡಿಯೊಗಳು ಒಂದೊಂದೂ 6–7 ಜಿಬಿ. ಫೈಲ್ ಹೆಸರೆಲ್ಲ ಕನ್ನಡದಲ್ಲೇ ಇವೆ. ಯುಪಿಎಸ್ ಇಲ್ಲ, ಕರೆಂಟ್ ದಿನಕ್ಕೆ ಒಂದೆರಡು ಸಲ ಹೋಗುತ್ತೆ.

ಸರಸ್ವತಿಪುರಂ, ಮೈಸೂರು:
ನಿಮ್ಮ ಪ್ರಶ್ನೆಗೆ ಉತ್ತರ ಕೊನೇ ಸಾಲಿನಲ್ಲೇ ಇದೆ ಸರ್. ಕರೆಂಟ್ ಹೋಗೋ ಮನೇಲಿ ಎಕ್ಸ್‌ಫ್ಯಾಟ್ ಬೇಡ. ಅದಕ್ಕೆ ಜರ್ನಲ್ ಇಲ್ಲ. ಜರ್ನಲ್ ಅಂದರೆ ಡಿಸ್ಕ್‌ನಲ್ಲಿ ಏನು ಬದಲಾಯಿಸ್ತೀನಿ ಅಂತ ಮೊದಲೇ ಬರೆದಿಟ್ಟುಕೊಳ್ಳೋ ದಿನವಹಿ. ಮಧ್ಯದಲ್ಲಿ ಕರೆಂಟ್ ಹೋದರೆ ಮುಂದಿನ ಸಲ ಅದನ್ನು ಓದಿ, ಅರ್ಧಕ್ಕೆ ನಿಂತ ಕೆಲಸ ಮುಗಿಸುತ್ತೆ ಇಲ್ಲವೇ ರದ್ದು ಮಾಡುತ್ತೆ. ಜರ್ನಲ್ ಇಲ್ಲದ ಕಡೆ ಫೈಲ್‌ಗಳ ಪಟ್ಟಿಯೇ ಹರಿದು, ಇಡೀ ಫೋಲ್ಡರ್ ಕಾಣದೇ ಹೋಗಬಹುದು. ವಿಂಡೋಸ್‌ನ ಎನ್‌ಟಿಎಫ್‌ಎಸ್‌ಗೂ ಲಿನಕ್ಸ್‌ನ ಇಎಕ್ಸ್‌ಟಿ4ಗೂ ಜರ್ನಲ್ ಇದೆ. ಆದರೂ ಅದು ಕಾಯೋದು ಪಟ್ಟಿಯನ್ನು. ಆ ಹೊತ್ತಿಗೆ ಬರೀತಿದ್ದ ಫೈಲ್ ಪೂರ್ತಿ ಉಳಿಯುತ್ತೆ ಅನ್ನೋ ಖಾತರಿ ಇಲ್ಲ. ಫ್ಯಾಟ್32 ಮಾತೇ ಬೇಡ, ಒಂದು ಫೈಲ್‌ಗೆ 4 ಜಿಬಿ ಮಿತಿ, ನಿಮ್ಮ ವಿಡಿಯೊ ಒಂದೂ ಕೂರಲ್ಲ.

500 ಜಿಬಿ ಅಂದರೆ ವಿಂಡೋಸ್ ಲೆಕ್ಕದಲ್ಲಿ ಸುಮಾರು 465. ಹಳೇ ಬಯಾಸ್ (ಕಂಪ್ಯೂಟರ್ ಶುರು ಮಾಡೋ ಪ್ರೋಗ್ರಾಂ) ಇರೋದರಿಂದ ಪಾರ್ಟಿಷನ್ ಟೇಬಲ್, ಅಂದರೆ ಡಿಸ್ಕ್ ಭಾಗಗಳ ಪಟ್ಟಿ, ಎಂಬಿಆರ್ ಅನ್ನೋ ಹಳೇ ಬಗೆಯದೇ ಇರಲಿ. ಮೊದಲು ವಿಂಡೋಸ್‌ಗೆ 80 ಜಿಬಿ ಎನ್‌ಟಿಎಫ್‌ಎಸ್, ಆಮೇಲೆ ಮಿಂಟ್‌ಗೆ 40 ಜಿಬಿ ಇಎಕ್ಸ್‌ಟಿ4, ಉಳಿದ 345 ಡೇಟಾಗೆ ಎನ್‌ಟಿಎಫ್‌ಎಸ್. ಈ ಕ್ರಮ ತಿರುವುಮುರುವಾದರೆ ವಿಂಡೋಸ್ ತನ್ನ ಬೂಟ್ ಕೋಡನ್ನು ಮೇಲೆ ಬರೆದು ಮಿಂಟ್‌ನ ಮೆನು ಅಳಿಸಿಬಿಡುತ್ತೆ. ವಿಂಡೋಸನ್ನು ಹೈಬರ್ನೇಟ್ (ಪೂರ್ತಿ ಮುಚ್ಚದೆ, ತೆರೆದಿದ್ದನ್ನೆಲ್ಲ ಡಿಸ್ಕ್‌ಗೆ ಉಳಿಸಿ ನಿಲ್ಲಿಸೋದು) ಮಾಡಿ ಮಿಂಟ್‌ಗೆ ಬರಬೇಡಿ, ಡೇಟಾ ಭಾಗಕ್ಕೆ ಬರೆಯೋಕೆ ಬಿಡಲ್ಲ.

ಹೆಬ್ಬಾಳ, ಮೈಸೂರು:
ಡೇಟಾಗೆ ಎನ್‌ಟಿಎಫ್‌ಎಸ್ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಅದು ಕೆಟ್ಟರೆ ಸರಿಯಾಗಿ ರಿಪೇರಿ ಮಾಡೋದು ವಿಂಡೋಸ್‌ನ ಚೆಕ್‌ಡಿಸ್ಕ್ ಮಾತ್ರ. ಲಿನಕ್ಸ್‌ನ ಎನ್‌ಟಿಎಫ್‌ಎಸ್‌ಫಿಕ್ಸ್ ಸಣ್ಣಪುಟ್ಟದ್ದು ಸರಿಮಾಡಿ ಮಿಕ್ಕಿದ್ದನ್ನು ವಿಂಡೋಸ್‌ಗೆ ಬಿಡುತ್ತೆ. ಲೆಕ್ಕದ ಫೈಲ್ ವಿಂಡೋಸ್‌ನ 80 ಜಿಬಿಯಲ್ಲೇ ಇರಲಿ, ಮಿಂಟ್‌ನಿಂದಲೂ ಕಾಣುತ್ತೆ. ಮದುವೆ ವಿಡಿಯೊ ವಿಂಡೋಸ್‌ನಲ್ಲೇ ನೋಡಬೇಕು ಅಂತೇನೂ ಇಲ್ಲವಲ್ಲ? ವಿಂಡೋಸ್‌ಗೆ ಕಾಣದಿದ್ದರೂ ಪರವಾಗಿಲ್ಲ, 345 ಜಿಬಿ ಪೂರ್ತಿ ಇಎಕ್ಸ್‌ಟಿ4 ಮಾಡಿ.

ಆದರೆ ಇಎಕ್ಸ್‌ಟಿ4 ತಾನಾಗಿ 5 ಶೇಕಡ ಜಾಗ ರೂಟ್‌ಗೆ (ಲಿನಕ್ಸ್‌ನ ಅಡ್ಮಿನ್ ಖಾತೆ) ಅಂತ ತೆಗೆದಿಡುತ್ತೆ, ಇಲ್ಲಿ ಅದು ಸುಮಾರು 17 ಜಿಬಿ. ಬರೀ ಡೇಟಾ ಇರೋ ಭಾಗಕ್ಕೆ ಅಷ್ಟು ಬೇಡ, ಟ್ಯೂನ್-ಟು-ಎಫ್‌ಎಸ್ ಅನ್ನೋ ಕಮಾಂಡ್‌ನಲ್ಲಿ 1 ಶೇಕಡಕ್ಕೆ ಇಳಿಸಿ. ಮಿಂಟ್ ಇರೋ 40 ಜಿಬಿಯಲ್ಲಿ ಮಾತ್ರ ಮುಟ್ಟಬೇಡಿ, ಡಿಸ್ಕ್ ತುಂಬಿದಾಗ ಲಾಗಿನ್ ಆಗೋಕೆ ಆ ಜಾಗವೇ ದಾರಿ.

ಇನ್ನು ಕನ್ನಡ ಹೆಸರು. ಇಎಕ್ಸ್‌ಟಿ4ನಲ್ಲಿ ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ‘ಮಂಡ್ಯ’ ಕಣ್ಣಿಗೆ ಎರಡಕ್ಷರ, ಆದರೆ ಮ, ಸೊನ್ನೆ, ಡ, ವಿರಾಮ, ಯ ಸೇರಿ 15 ಬೈಟ್. ಒಟ್ಟು 85 ಚಿಹ್ನೆ ಮಾತ್ರ ಹಿಡಿಯುತ್ತೆ. ಎನ್‌ಟಿಎಫ್‌ಎಸ್‌ನಲ್ಲಿ 255 ಚಿಹ್ನೆವರೆಗೂ ಇಡಬಹುದು. ಹಾಗಾಗಿ ಉದ್ದ ಹೆಸರಿನ ಫೈಲ್‌ಗಳು ಕಾಪಿ ಮಾಡುವಾಗ ‘ಹೆಸರು ಉದ್ದ’ ಅಂತ ನಿಲ್ಲುತ್ತವೆ. ಮೊದಲೇ ಚಿಕ್ಕದು ಮಾಡಿಟ್ಟುಕೊಳ್ಳಿ.

ಸರಸ್ವತಿಪುರಂ, ಮೈಸೂರು:
ಎನ್‌ಟಿಎಫ್‌ಎಸ್ ರಿಪೇರಿ ವಿಷಯ ನಿಜ, ವಿಡಿಯೊ ಮಿಂಟ್‌ನಲ್ಲೇ ನೋಡೋದಾದರೆ ಅವರು ಹೇಳಿದ್ದೇ ಸರಿ. ಮದರ್‌ಬೋರ್ಡ್‌ನ ಸಿಆರ್2032 ಸೆಲ್ಲೂ ಬದಲಾಯಿಸಿ. ಅದು ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋದಾಗ ತಾರೀಖು ಹಿಂದಕ್ಕೆ ಹೋಗುತ್ತೆ. ಆಗ ‘ಕೊನೇ ಮೌಂಟ್ ಭವಿಷ್ಯದಲ್ಲಿದೆ’ ಅಂತ ಇಎಕ್ಸ್‌ಟಿ4 ತಪಾಸಣೆ ತಕರಾರು ಮಾಡುತ್ತೆ (ಮೌಂಟ್ ಅಂದರೆ ಡಿಸ್ಕ್ ಭಾಗವನ್ನು ಬಳಕೆಗೆ ತೆರೆಯೋದು). ಜನ ಡಿಸ್ಕ್ ಹೋಯ್ತು ಅಂದ್ಕೋತಾರೆ.

ಡಿಸ್ಕ್ ನಿಜವಾಗಿ ಹೇಗಿದೆ ಅಂತ ಫಾರ್ಮ್ಯಾಟ್‌ಗೆ ಮುಂಚೆ ನೋಡಿ. ಮಿಂಟ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್ಸ್ ಅನ್ನೋ ಆಪ್‌ನಲ್ಲಿ ಸ್ಮಾರ್ಟ್ ಡೇಟಾ, ಅಂದರೆ ಡಿಸ್ಕ್ ತಾನೇ ಬರೆದಿಟ್ಟ ಆರೋಗ್ಯದ ವರದಿ, ತೆಗೀರಿ. ಸೆಕ್ಟರ್ ಅಂದರೆ ಡಿಸ್ಕ್‌ನ ಚಿಕ್ಕ ತುಂಡು. ರೀಅಲೊಕೇಟೆಡ್ (ಕೆಟ್ಟು ಬದಲಿ ಜಾಗಕ್ಕೆ ಹೋದವು) ಮತ್ತು ಪೆಂಡಿಂಗ್ (ಓದಲಾಗದೆ ಅನುಮಾನದಲ್ಲಿರೋವು) ಸೆಕ್ಟರ್ ಎರಡೂ 0 ಇರಬೇಕು. ಸಿಆರ್‌ಸಿ ಎರರ್ (ಡೇಟಾ ಸಾಗಿಸುವಾಗಿನ ತಪ್ಪುಗಳ ಲೆಕ್ಕ) ಏರ್ತಾ ಇದ್ದರೆ ಮೊದಲು ಸಾಟಾ ಕೇಬಲ್ ಬದಲಾಯಿಸಿ ನೋಡಿ.

ಕಲ್ಲಹಳ್ಳಿ, ಮಂಡ್ಯ:
ನೋಡಿದೆ. ರೀಅಲೊಕೇಟೆಡ್ 0, ಪೆಂಡಿಂಗ್ 8.

ಹೆಬ್ಬಾಳ, ಮೈಸೂರು:
4ಕೆ ಡಿಸ್ಕ್ (ಒಂದು ಸೆಕ್ಟರ್ 4096 ಬೈಟ್ ಇರೋದು) ಆದರೆ ಒಂದೇ ಸೆಕ್ಟರ್ ಓದಲಾಗದಿದ್ದರೂ 512 ಬೈಟ್ ಲೆಕ್ಕದಲ್ಲಿ 8 ಅಂತ ತೋರಿಸಬಹುದು. ಬರೆಯುವಾಗ ಕರೆಂಟ್ ಹೋದರೂ ಹೀಗಾಗುತ್ತೆ. ಇವತ್ತೇ ವಿಡಿಯೊಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಆಮೇಲೆ ಕ್ವಿಕ್ ಫಾರ್ಮ್ಯಾಟ್ ಬೇಡ, ಡಿಸ್ಕ್ಸ್‌ನಲ್ಲೇ ಇಡೀ ಡಿಸ್ಕ್‌ಗೆ ಸೊನ್ನೆ ಬರೆಯೋ ಆಯ್ಕೆ ಇದೆ, ಅದನ್ನು ಕೊಡಿ. ಎರಡು ಗಂಟೆ ಆಸುಪಾಸು ಹಿಡಿಯುತ್ತೆ. ಮತ್ತೆ ನೋಡಿದಾಗ ಎರಡೂ 0 ಇದ್ದರೆ ಇನ್‌ಸ್ಟಾಲ್ ಮಾಡಿ. ಪೆಂಡಿಂಗ್ ಅಲ್ಲೇ ನಿಂತರೆ, ಅಥವಾ ರೀಅಲೊಕೇಟೆಡ್ ಏರಿದರೆ, ಆ ಡಿಸ್ಕ್‌ಗೆ ಯಾವ ಫೈಲ್ ಸಿಸ್ಟಮ್ಮೂ ಹಾಕಬೇಡಿ.