ದಾಳಿ ತಡೆಯೋದು ಸರಿ, ತಡೆಯೋಕೆ ಆಗದಿದ್ದರೆ?

ದೀಪದಕಂಬ:
ಕರೆಂಟು, ಕುಡಿಯುವ ನೀರು, ಮೊಬೈಲ್ ನೆಟ್‌ವರ್ಕ್, ಆಸ್ಪತ್ರೆ, ಇವನ್ನೆಲ್ಲ ಕಾಪಾಡಬೇಕು ಅಂತ ಎಲ್ಲ ದೇಶಗಳೂ ಹೇಳುತ್ತವೆ. ಆದರೆ ಚರ್ಚೆ ಯಾವಾಗಲೂ ಹ್ಯಾಕರ್, ಫೈರ್‌ವಾಲ್, ಕಾವಲು ಅಂತಲೇ ಸುತ್ತುತ್ತದೆ. ಏಟು ಬಿದ್ದೇ ಬಿಟ್ಟಿತು ಅಂದುಕೊಳ್ಳಿ, ಆಮೇಲೇನು? ದುಡ್ಡು ಮೊದಲು ಎಲ್ಲಿಗೆ ಹೋಗಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ನೀರುಕಾಲುವೆ:
ಮೊದಲು ಯಾವುದು ಯಾವುದನ್ನು ನಂಬಿಕೊಂಡಿದೆ ಅಂತ ಪಟ್ಟಿ ಮಾಡಬೇಕು. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಆದದ್ದು ನೋಡಿ. ಕೊರೆಯುವ ಚಳಿಗೆ ವಿದ್ಯುತ್ ಸ್ಥಾವರಗಳೂ ಗ್ಯಾಸ್ ಬಾವಿಗಳೂ ಹೆಪ್ಪುಗಟ್ಟಿದವು, ಗ್ರಿಡ್ ಉಳಿಸಲು ಲೋಡ್ ಶೆಡ್ಡಿಂಗ್ ಶುರುವಾಯಿತು, ಹಾಗೆ ಕರೆಂಟ್ ತೆಗೆದ ಲೈನ್‌ಗಳಲ್ಲಿ ಗ್ಯಾಸ್ ಪೂರೈಸುವ ಘಟಕಗಳೂ ಸೇರಿಹೋದವು. ಪೈಪಿನಲ್ಲಿ ಗ್ಯಾಸ್ ತಳ್ಳುವ ಕಂಪ್ರೆಸರ್ ನಿಂತವು. ಗ್ಯಾಸ್ ಸಿಗದೆ ಇನ್ನಷ್ಟು ಸ್ಥಾವರಗಳು ನಿಂತವು. ‘ನಮ್ಮ ಲೈನ್ ತೆಗೆಯಬೇಡಿ’ ಅಂತ ನೋಂದಾಯಿಸುವ ಅರ್ಜಿಯನ್ನೇ ಎಷ್ಟೋ ಘಟಕಗಳು ತುಂಬಿರಲಿಲ್ಲ. 200ಕ್ಕೂ ಹೆಚ್ಚು ಜನ ಸತ್ತರು. ಶತ್ರು ಅಂತ ಅಲ್ಲಿ ಯಾರೂ ಇರಲಿಲ್ಲ.

ಬ್ರೇಕರ್66:
ಪಟ್ಟಿ ಬೇಕು, ಒಪ್ಪುತ್ತೇನೆ. ಆದರೆ ನಾನು ಕೈಕೆಲಸ ಬಲ್ಲ ಸಿಬ್ಬಂದಿಗೇ ಜಾಸ್ತಿ ಒತ್ತು ಕೊಡುತ್ತೇನೆ. 2015ರ ಡಿಸೆಂಬರ್ 23ರಂದು ಉಕ್ರೇನಿನ ವಿದ್ಯುತ್ ವಿತರಣಾ ಕಂಪನಿಗಳ ಕಂಪ್ಯೂಟರ್‌ಗಳಿಗೆ ಹ್ಯಾಕರ್‌ಗಳು ನುಗ್ಗಿದರು. ಆಪರೇಟರ್ ನೋಡುತ್ತಿದ್ದ ಹಾಗೇ ಪರದೆ ಮೇಲೆ ಮೌಸ್ ತಾನಾಗಿ ಓಡಾಡಿ ಬ್ರೇಕರ್‌ಗಳನ್ನು, ಅಂದರೆ ಲೈನಿನ ದೊಡ್ಡ ಸ್ವಿಚ್‌ಗಳನ್ನು, ಟ್ರಿಪ್ ಮಾಡುತ್ತಾ ಹೋಯಿತು. ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು, ಆದರೆ ಕೆಲವೇ ಗಂಟೆಗಳಲ್ಲಿ ವಾಪಸ್ ಬಂತು. ಯಾಕೆಂದರೆ ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದರು. ಎಲ್ಲ ಆಟೋಮ್ಯಾಟಿಕ್ ಆಯಿತು ಅಂತ ಇಂಥವರನ್ನು ಕಡಿಮೆ ಮಾಡುವುದು ತುಂಬಾ ಅಪಾಯ.

ದೀಪದಕಂಬ:
ಇಡೀ ಗ್ರಿಡ್ ಬಿದ್ದರೆ? ಸ್ಥಾವರ ಶುರು ಮಾಡೋಕೂ ಕರೆಂಟ್ ಬೇಕಲ್ವಾ?

ಬ್ರೇಕರ್66:
ಬೇಕು. ಹೊರಗಿನ ಕರೆಂಟ್ ಇಲ್ಲದೆ ಏಳುವುದಕ್ಕೆ ಬ್ಲ್ಯಾಕ್ ಸ್ಟಾರ್ಟ್ ಅನ್ನುತ್ತೇವೆ. ಜಲವಿದ್ಯುತ್ ಘಟಕವೊಂದು ಡೀಸೆಲ್ ಜನರೇಟರ್ ಅಥವಾ ಬ್ಯಾಟರಿ ಬಲದಿಂದ ಶುರುವಾಗಿ ಪಕ್ಕದ ಸ್ಥಾವರಕ್ಕೆ ಕರೆಂಟ್ ಕೊಡುತ್ತದೆ, ಅದು ಇನ್ನೊಂದಕ್ಕೆ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಗ್ರಿಡ್ ಬಿದ್ದಾಗ ಹೀಗೆ ಎಬ್ಬಿಸಿದರು, ಫ್ರಾನ್ಸ್ ಮತ್ತು ಮೊರಾಕೊ ಲೈನ್‌ಗಳೂ ನೆರವಾದವು, ಮರುದಿನ ಬೆಳಗಿನ ಹೊತ್ತಿಗೆ ಬಹುಪಾಲು ಸರಿಹೋಗಿತ್ತು. ಇದನ್ನು ಆಗಾಗ ನಿಜವಾಗಿ ಮಾಡಿ ನೋಡಬೇಕು, ಸುಮ್ನೆ ಕಾಗದದ ಮೇಲಿದ್ದರೆ ಆಗಲ್ಲ. ಜನರೇಟರ್ ಎಲ್ಲಿಟ್ಟಿದ್ದೀರಿ ಅನ್ನುವುದೂ ಮುಖ್ಯ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಬಹುತೇಕ ಜನರೇಟರ್‌ಗಳು ನೆಲಮಾಳಿಗೆಯಲ್ಲಿದ್ದವು, ಸುನಾಮಿ ನೀರು ಅಲ್ಲಿಗೇ ನುಗ್ಗಿತು. ಇನ್ನು ದೊಡ್ಡ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಹೊಸದು ಬರಲು ವರ್ಷಕ್ಕೂ ಮೇಲಾಗಬಹುದು. ನನ್ನನ್ನು ಕೇಳಿದರೆ ಮೊದಲ ದುಡ್ಡು ಹೆಚ್ಚುವರಿಯಾಗಿ ತಂದಿಟ್ಟುಕೊಳ್ಳುವ ಟ್ರಾನ್ಸ್‌ಫಾರ್ಮರ್‌ಗೆ.

ನೀರುಕಾಲುವೆ:
ಜನರನ್ನೂ ಲೆಕ್ಕಕ್ಕೆ ತಗೊಳ್ಳಿ. ಸ್ವೀಡನ್ 2018ರಲ್ಲಿ ಮನೆಮನೆಗೂ ಕಿರುಪುಸ್ತಕ ಕಳಿಸಿತು, 2024ರಲ್ಲಿ ಹೊಸದು ಮಾಡಿ ಮತ್ತೆ ಕಳಿಸಿತು. ಒಂದು ವಾರಕ್ಕಾಗುವಷ್ಟು ನೀರು, ಊಟ ಇರಲಿ, ಬ್ಯಾಟರಿ ರೇಡಿಯೋ ಇರಲಿ ಅಂತ. ಕೈಲಾದವರು ನಾಲ್ಕು ದಿನ ತಾವೇ ನಿಭಾಯಿಸಿಕೊಂಡರೆ ಟ್ಯಾಂಕರ್, ಜನರೇಟರ್ ಮೊದಲು ಆಸ್ಪತ್ರೆಗಳಿಗೆ, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತವೆ.